ಹಲ್ಲು ನೋಡದೆ ಕಾರು ಕೊಳ್ಳಬೇಡ

ತಮ್ಮಾ, ಹೋಗುತ್ತಿರೋ ಮಾಡೆಲ್ ಈಗಲೇ ತಗೊಳ್ಳಲೋ, ಹೊಸದು ಬರೋತನಕ ಕಾಯಲೋ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ನಮ್ಮೂರು ಶಿವನಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ‘ಹಳೇದಕ್ಕೆ ಡಿಸ್ಕೌಂಟ್ ಕೊಟ್ಟರೆ ಬಿಡಬೇಡ ಕಣೋ, ಓಡೋದು ಎರಡೂ ಒಂದೇ.’ ಅದಕ್ಕೆ ಹೂಂಗುಡುವ ಮುಂಚೆ ನನ್ನದೊಂದು ಪ್ರಶ್ನೆಗೆ ಉತ್ತರ ಹೇಳು. ಈ ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀಯ? ಬಾಕಿ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಮೊದಲು, ಹೊಸದರಲ್ಲಿ ಹೊಸದೇನು ಅಂತ ನೋಡು. ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿ ಇದೆಯಲ್ಲ, ಅದರ ಒಂಬತ್ತನೇ ತಲೆಮಾರು 2024ರ ಡಿಸೆಂಬರಿನಲ್ಲಿ ಬಂತು. ಆಗ ಅದರ ಶೋರೂಮ್ ಬೆಲೆ 48 ಲಕ್ಷ ಇತ್ತು. ಎಂಜಿನ್ ಹಿಂದಿನದರಂತೆ ಎರಡೂವರೆ ಲೀಟರಿನದೇ, ಹೈಬ್ರಿಡ್ಡೇ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರವೂ ಅದೇ 2,825 ಮಿ.ಮೀ. ಶಕ್ತಿ 218 ಪಿಎಸ್ ಇದ್ದದ್ದು 230 ಆಯಿತು. ಮುಂದಿನ ಗಾಡಿ ತೀರಾ ಹತ್ತಿರವಾದರೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಸೇರಿಕೊಂಡಿತು. ದೀಪದ ಆಕಾರ, ದೊಡ್ಡ ಪರದೆ ಇವಕ್ಕೆಲ್ಲ ಮರುಳಾಗಬೇಡ, ಎರಡು ವರ್ಷಕ್ಕೆ ಅವೂ ಹಳಸುತ್ತವೆ. ಬ್ರೇಕು, ಏರ್‌ಬ್ಯಾಗು ಮಾತ್ರ ಬೇರೆ ಮಾತು. ಅವನ್ನು ಆಮೇಲೆ ಹಾಕಿಸುತ್ತೇನೆ ಅಂದರೆ ಆಗೋದಿಲ್ಲ. ಹೊಸದರಲ್ಲಿ ಅಂಥದ್ದೇನಾದರೂ ಹೆಚ್ಚಿಗೆ ಇದ್ದರೆ ಜಾಸ್ತಿ ದುಡ್ಡು ಕೊಡೋದಕ್ಕೆ ಅರ್ಥವಿದೆ.

ಕೆಲವು ಕಾರುಗಳಲ್ಲಿ ಮೈಕಟ್ಟೇ ಬದಲಾಗಿಬಿಡುತ್ತದೆ. ಬಿಎಂಡಬ್ಲ್ಯು 5 ಸೀರೀಸ್ 2024ರ ಜುಲೈನಲ್ಲಿ ಹೊಸದಾಗಿ ಬಂದಾಗ ಚಕ್ರಗಳ ನಡುವಿನ ಅಂತರ 2,975ರಿಂದ 3,105 ಮಿ.ಮೀ.ಗೆ ಹಿಗ್ಗಿತು. ಐದು ಅಂಗುಲ ಅಂದುಕೋ. ಹಿಂದೆ ಕೂರುವ ನಿಮ್ಮಮ್ಮನಿಗೆ ಕಾಲು ಚಾಚಲು ಸುಖ. ಆದರೆ ಬೆಂಗಳೂರಿನಿಂದ ಇಲ್ಲಿಗೆ ಬರುವ ದಾರಿ ಪೂರ್ತಿ ಹೈವೇ ಅಲ್ಲವಲ್ಲ. ಅಜ್ಜಂಪುರ ಬಿಟ್ಟ ಮೇಲೆ ಹಂಪುಗಳಿಗೆ ಲೆಕ್ಕ ಇಟ್ಟವರು ಯಾರು? ತೋಟದ ದಾರಿಯಲ್ಲಂತೂ ಟ್ರ್ಯಾಕ್ಟರ್ ಗಾಲಿಗಳು ಎರಡೂ ಕಡೆ ಕೊರೆದು ನಡುವೆ ದಿಣ್ಣೆ ಎದ್ದಿರುತ್ತದೆ. ನೆಲದಿಂದ ಎತ್ತರ ಒಂದೇ ಇದ್ದರೂ ಚಕ್ರಗಳ ಅಂತರ ಹೆಚ್ಚಾದಷ್ಟೂ ಹೊಟ್ಟೆ ಬೇಗ ಉಜ್ಜುತ್ತದೆ. ಅದಕ್ಕೇ ಟೆಸ್ಟ್ ಡ್ರೈವಿಗೆ ಹೋದಾಗ ಹೈವೇಯಲ್ಲಿ ಸ್ಪೀಡು ನೋಡಿ ವಾಪಸ್ ಬರಬೇಡ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಗೆ ಒಂದಿಷ್ಟು ಭಾರ ಹಾಕಿ, ಎತ್ತರದ ಹಂಪೊಂದನ್ನು ನಿಧಾನವಾಗಿ ದಾಟಿಸು. ನೀನು ಕೆಳಗಿಳಿದು ಪಕ್ಕದಲ್ಲಿ ಬಗ್ಗಿ ನಿಂತು ನೋಡು. ‘ಕರ್’ ಅಂತ ಸದ್ದು ಬಂದರೆ ಆ ಕಾರು ನಮ್ಮೂರಿಗಲ್ಲ.

ಇನ್ನು ಹಲ್ಲಿನ ವಿಷಯ. ಅಮೃತ್ ಮಹಲ್ ತಳಿ ಕಾಪಾಡಿದ ಅಜ್ಜಂಪುರದ ಸೀಮೆಯವರು ನಾವು. ಎಷ್ಟೇ ಮೈಕೈ ತುಂಬಿದ ಎತ್ತಾದರೂ ವಯಸ್ಸು ತಿಳಿಯಲು ಬಾಯಿ ಬಿಡಿಸಿ ಹಲ್ಲು ನೋಡದೆ ನಮ್ಮವರು ಹಗ್ಗ ಹಿಡಿಯುತ್ತಿರಲಿಲ್ಲ. ಕಾರಿನ ಹಲ್ಲು ಅಂದರೆ ಅದು ತಯಾರಾದ ತಿಂಗಳು, ವರ್ಷ. ಹೋಗುತ್ತಿರುವ ಮಾಡೆಲಿನ ಗಾಡಿಗಳು ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತವೆ. ನೀನು ಜನವರಿಯಲ್ಲಿ ರಿಜಿಸ್ಟರ್ ಮಾಡಿಸಿದರೂ ಆರ್‌ಸಿಯಲ್ಲಿ ತಯಾರಾದ ತಿಂಗಳು ಬೇರೆಯಾಗಿಯೇ ಬರುತ್ತದೆ. ನಾಳೆ ಕೊಳ್ಳುವವನು ಮೊದಲು ಬೆರಳಿಡುವುದೇ ಅಲ್ಲಿಗೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3524 ಅಂತಿದ್ದರೆ 2024ನೇ ಇಸವಿಯ 35ನೇ ವಾರದ ಟೈರು. ನಾಲ್ಕೂ ಟೈರು, ಸ್ಟೆಪ್ನಿ ಎಲ್ಲ ನೋಡು. ನಿಂತು ನಿಂತು ಸೊರಗಿದ ಬ್ಯಾಟರಿಯನ್ನು ಬದಲಾಯಿಸಿಕೊಡಿ ಅಂತ ಕೇಳಲು ಸಂಕೋಚಪಡಬೇಡ.

ರಿಯಾಯಿತಿ ಎಷ್ಟಿದ್ದರೆ ರಿಯಾಯಿತಿ? ವಿಮೆಯವರ ಸವಕಳಿ ಪಟ್ಟಿಯನ್ನೇ ಅಳತೆಗೋಲು ಮಾಡಿಕೋ. ಗಾಡಿಗೆ ಒಂದು ವರ್ಷ ದಾಟಿದರೆ ಬೆಲೆಯಲ್ಲಿ ಶೇ. 20 ಕಳೆಯುತ್ತಾರೆ, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50. ಅಲ್ಲಿಗೆ ವಯಸ್ಸು ಒಂದೊಂದು ವರ್ಷ ಏರಿದಂತೆ ಶೇ. 10ರಷ್ಟು ಬೆಲೆ ಇಳಿಯುತ್ತದೆ. 48 ಲಕ್ಷದ ಗಾಡಿಗೆ ಅದು 4 ಲಕ್ಷ 80 ಸಾವಿರ. ಹೋದ ವರ್ಷ ತಯಾರಾದ ಗಾಡಿಗೆ ಇಷ್ಟು ಇಳಿಸಿದರೆ ಅದು ವಯಸ್ಸಿನ ಲೆಕ್ಕಕ್ಕೆ ಸರಿಹೋಯಿತು ಅಷ್ಟೇ, ನಿನಗೆ ಉಳಿದದ್ದು ಏನೂ ಇಲ್ಲ. ಅದಕ್ಕಿಂತ ಮೇಲೆ ಎಷ್ಟು ಬಿಡುತ್ತಾರೋ ಅದೇ ನಿಜವಾದ ರಿಯಾಯಿತಿ. ಮ್ಯಾಟು, ಸೀಟ್ ಕವರು, ಎಕ್ಸ್‌ಚೇಂಜ್ ಬೋನಸ್ಸು ಅಂತ ಕೂಡಿಸಿ ತೋರಿಸಿದರೆ ಒಪ್ಪಬೇಡ, ಬಿಲ್ಲಿನಲ್ಲೇ ಕಳೆಯಲಿ. ಇನ್ನೊಂದು ವಿಷಯ ಶೋರೂಮಿನವರು ಬಾಯಿಬಿಡುವುದಿಲ್ಲ: ಕಂಪನಿ ತಯಾರಿಕೆ ನಿಲ್ಲಿಸಿದ ಮಾಡೆಲಿಗೆ ವಿಮೆಯ ಪಟ್ಟಿ ಅನ್ವಯಿಸುವುದಿಲ್ಲ; ಬೆಲೆಯನ್ನು ನೀನೂ ವಿಮೆಯವರೂ ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಪ್ರತಿ ವರ್ಷ ರಿನ್ಯೂವಲ್ ಹೊತ್ತಿಗೆ ಐಡಿವಿ, ಅಂದರೆ ವಿಮೆಯವರು ಒಪ್ಪಿದ ಗಾಡಿಯ ಬೆಲೆ, ಎಷ್ಟು ಬರೆದಿದ್ದಾರೆ ಅಂತ ಓದದೆ ದುಡ್ಡು ಕಟ್ಟಬೇಡ.

ತೆರಿಗೆಯನ್ನೂ ಮರೆಯಬೇಡ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಪೆಟ್ರೋಲು, ಡೀಸೆಲ್ ಕಾರಿಗೆ ಆಜೀವ ತೆರಿಗೆ ಶೇ. 18. ಅಂದರೆ 48 ಲಕ್ಷಕ್ಕೆ 8 ಲಕ್ಷ 64 ಸಾವಿರ, ಅದರ ಮೇಲೆ ಸೆಸ್ಸು ಬೇರೆ. ಅಷ್ಟೂ ದುಡ್ಡನ್ನು ಮೊದಲ ದಿನವೇ ಎಣಿಸಿಕೊಟ್ಟು ಮೂರೇ ವರ್ಷಕ್ಕೆ ಮಾರುವವನಿಗೆ ಹೊಸದೂ ದುಬಾರಿಯೇ, ಹಳೆಯದೂ ದುಬಾರಿಯೇ. ಪದೇ ಪದೇ ಬದಲಾಯಿಸುವ ಚಪಲ ಇದ್ದರೆ, ಎರಡು ವರ್ಷ ಓಡಿದ, ಸರ್ವೀಸ್ ದಾಖಲೆ ಸರಿಯಿರುವ ಗಾಡಿ ಹುಡುಕು. ಬೇರೆಯವರು ತೆರಿಗೆ ಕಟ್ಟಿಯಾಗಿರುತ್ತದೆ.

ನನ್ನ ತೀರ್ಮಾನ ಇಷ್ಟು. ಹತ್ತು ವರ್ಷ ಇಟ್ಟುಕೊಳ್ಳುವವನಾದರೆ ಹೋಗುತ್ತಿರುವ ಮಾಡೆಲನ್ನೇ ತಗೋ. ಹತ್ತು ವರ್ಷ ಕಳೆದ ಮೇಲೆ ಎರಡೂ ಹಳೇ ಗಾಡಿಗಳೇ, ಕೈಯಲ್ಲಿ ಉಳಿದ ದುಡ್ಡು ಮಾತ್ರ ನಿನ್ನದು. ಆದರೆ ಸುರಕ್ಷತೆಯಲ್ಲಿ ಕೊರತೆ ಇರಬಾರದು, ರಿಯಾಯಿತಿ ಶೇ. 10 ದಾಟಬೇಕು. ನಾಲ್ಕೈದು ವರ್ಷಕ್ಕೆ ಮಾರುವ ಯೋಚನೆ ಇದ್ದರೆ ಹೊಸದಕ್ಕೆ ಕಾಯಿ. ಇಲ್ಲದಿದ್ದರೆ ಇವತ್ತು ಸಿಕ್ಕ ರಿಯಾಯಿತಿಯನ್ನು ಅವತ್ತು ಕೊಳ್ಳುವವನು ಬಡ್ಡಿ ಸಮೇತ ಕಿತ್ತುಕೊಳ್ಳುತ್ತಾನೆ. ಈ ಸಲ ಅಡಿಕೆಗೆ ರೇಟು ಬಂತು ಅಂತ ಐದು ವರ್ಷದ ಸಾಲಕ್ಕೆ ಸಹಿ ಹಾಕಬೇಡ, ರೇಟು ಐದು ವರ್ಷ ನಿಂತದ್ದನ್ನು ನಾನಂತೂ ಕಂಡಿಲ್ಲ. ಯಾವುದನ್ನೇ ಒಪ್ಪು, ಪೂರ್ತಿ ದುಡ್ಡು ಕಟ್ಟುವ ಮುಂಚೆ ಚಾಸಿ ನಂಬರೂ ತಯಾರಾದ ತಿಂಗಳೂ ಬರವಣಿಗೆಯಲ್ಲಿ ಕೈಗೆ ಬರಲಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬಾ.