ಯೌವನಸ್ಥರ ಬೋಧಕನು ಆಪ್ತಸಮಾಲೋಚಕನಾಗುವ ವಿಷಯ

ಆಲೂರು ಸಕಲೇಶಪುರ ಸೀಮೆಯಲ್ಲಿ ಓದು ಮುಗಿಸಿದ ಕೆಲವು ಯೌವನಸ್ಥರು ಕಾಫಿತೋಟದ ಲೈನುಗಳಲ್ಲಿ ಸಂಜೆಪಾಠ ಹೇಳುವದನ್ನೂ, ತರುಣರ ಕೂಟಗಳನ್ನು ನಡಿಸುವದನ್ನೂ ನೀವು ಬಲ್ಲಿರಿ. ಇಂಥವರಲ್ಲಿ ಒಬ್ಬನು ನಾಲ್ಕೈದು ವರುಷ ದುಡಿದ ಮೇಲೆ ನಮ್ಮ ಬಳಿಗೆ ಬಂದು ಹೀಗೆ ಕೇಳುವದುಂಟು: ಪಾಠ ಮುಗಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ, ಒಂದು ಮಗು ಮಾತ್ರ ಚಾಪೆ ಸುತ್ತುವ ನೆವದಿಂದ ಹಿಂದೆ ನಿಲ್ಲುತ್ತದೆ, ಅದಕ್ಕೆ ಪಾಠದಲ್ಲಿ ಸಂಶಯವೇನೂ ಇಲ್ಲ, ಮನಸ್ಸಿನಲ್ಲಿ ಮತ್ತೇನೋ ಇದೆ, ನಾನು ಅದಕ್ಕೆ ಏನು ಹೇಳಲಿ? ಏನು ಹೇಳಬೇಕೆಂಬದಕ್ಕಿಂತ ಹೇಗೆ ಕೇಳಬೇಕೆಂಬದೇ ಅವನು ಕಲಿಯತಕ್ಕ ಪಾಠವಾಗಿದೆ.

ಈ ಕೆಲಸಕ್ಕೆ ಕನ್ನಡದಲ್ಲಿ ಎರಡು ಹೆಸರುಗಳುಂಟು. ಆಪ್ತಸಲಹೆ ಎಂಬದು ಒಂದು, ಆಪ್ತಸಮಾಲೋಚನೆ ಎಂಬದು ಇನ್ನೊಂದು. ಮೊದಲನೆಯ ಹೆಸರು ಬೋಧಕನನ್ನು ದಾರಿ ತಪ್ಪಿಸುತ್ತದೆಂದು ನಮ್ಮ ಎಣಿಕೆ. ಯಾಕಂದರೆ ಸಲಹೆ ಕೊಡುವದರಲ್ಲಿ ಅವನು ಮೊದಲೇ ಪಳಗಿದವನು. ಎರಡನೆಯದು ಕೂಡಿ ಆಲೋಚಿಸುವದನ್ನು ಸೂಚಿಸುವದರಿಂದ ಸತ್ಯಕ್ಕೆ ಹತ್ತಿರವಾಗಿದೆ.

ಈ ಮಾರ್ಗದಲ್ಲಿ ಮೊದಲು ನಡೆದವರೊಳಗೆ ಅಮೆರಿಕದ ಕಾರ್ಲ್ ರೋಜರ್ಸ್ ಎಂಬಾತನ ಚರಿತ್ರೆಯು ನಮ್ಮ ತರುಣರಿಗೆ ಉಪಯೋಗವಾದೀತು. 1902ರಲ್ಲಿ ಶಿಕಾಗೋ ನಗರದ ಬಳಿ ಹುಟ್ಟಿದ ಇವನು ಹೊಲಮನೆಯಲ್ಲಿ ಬೆಳೆದು, ಕೃಷಿಶಾಸ್ತ್ರ ಕಲಿಯುವದಕ್ಕಾಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸೇರಿದನು. 1922ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಲೋಕಕೂಟಕ್ಕಾಗಿ ಚೀನದ ಪೀಕಿಂಗ್ ಪಟ್ಟಣಕ್ಕೆ ಹೋಗಿ ಬಂದನು. 1924ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ದೇವಜ್ಞಾನದ ಓದಿಗೆ ತೊಡಗಿ, ಎರಡು ವರುಷಗಳಾದ ಮೇಲೆ ರಸ್ತೆಯ ಆಚೆ ಬದಿಯಲ್ಲಿದ್ದ ಉಪಾಧ್ಯಾಯರ ಕಾಲೇಜಿಗೆ ಹೋಗಿ ಮನಶ್ಶಾಸ್ತ್ರವನ್ನು ಹಿಡಿದನು. 1928ರಿಂದ ರಾಚೆಸ್ಟರ್ ಎಂಬ ಊರಲ್ಲಿ ಕಷ್ಟದಲ್ಲಿ ಬಿದ್ದ ಮಕ್ಕಳ ಸಹಾಯಸಂಘದಲ್ಲಿ ಹನ್ನೆರಡು ವರುಷ ದುಡಿದನು.

ಅಲ್ಲಿ ನಡೆದ ಒಂದು ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ. ಪುಂಡನಾದ ಹುಡುಗನೊಬ್ಬನ ತಾಯಿ ಅವನ ಬಳಿಗೆ ಬರುತ್ತಿದ್ದಳು. ತಾಯಿಯು ಮಗನನ್ನು ಚಿಕ್ಕಂದಿನಲ್ಲಿ ತಳ್ಳಿಬಿಟ್ಟದ್ದೇ ದೋಷವೆಂದು ಅವನಿಗೆ ಕಂಡಿತು. ಇದನ್ನು ಅವಳಿಗೆ ತಿಳಿಯಪಡಿಸಲು ಬಹು ಸಾರಿ ಪ್ರಯತ್ನಿಸಿದರೂ ಫಲವಾಗಲಿಲ್ಲ. ಕಡೆಗೆ, ನಾವಿಬ್ಬರೂ ಸೋತೆವು, ಇಲ್ಲಿಗೆ ನಿಲ್ಲಿಸೋಣ ಎಂದು ಹೇಳಿದನು. ಅವಳು ಒಪ್ಪಿ ಬಾಗಿಲ ತನಕ ಹೋಗಿ ತಿರುಗಿ ನಿಂತು, ದೊಡ್ಡವರಿಗೂ ನೀವು ಸಹಾಯ ಮಾಡುವದುಂಟೋ ಎಂದು ಕೇಳಿದಳು. ಆ ಮೇಲೆ ಪುನಃ ಕೂತು ತನ್ನ ಸಂಸಾರದ ವ್ಯಥೆಯನ್ನು ತೋಡಿಕೊಂಡಳು. ನೋವು ಎಲ್ಲಿದೆ ಎಂಬದನ್ನು ನೊಂದವರೇ ಬಲ್ಲರೆಂಬದನ್ನು ರೋಜರ್ಸನು ಹೀಗೆ ಕಲಿತನು. 1942ರಲ್ಲಿ ಆಪ್ತಸಮಾಲೋಚನೆಯ ಕುರಿತು ಅವನು ಪ್ರಕಟಿಸಿದ ಗ್ರಂಥವು ಈ ವೃತ್ತಿಗೆ ಒಂದು ಬುನಾದಿಯಾಯಿತು.

ನಮ್ಮ ಸೀಮೆಯದೇ ಒಂದು ದೃಷ್ಟಾಂತವನ್ನು ಇಟ್ಟುಕೊಳ್ಳೋಣ. ಹುಡುಗನೊಬ್ಬನು ಎಸ್.ಎಸ್.ಎಲ್.ಸಿ. ಗಣಿತದಲ್ಲಿ ತಪ್ಪಿದ್ದಾನೆ. ಬೋಧಕನು, ಹೆದರಬೇಡ, ಮತ್ತೊಮ್ಮೆ ಪರೀಕ್ಷೆ ಇದೆ, ದಿನಕ್ಕೆ ಎರಡು ಗಂಟೆ ಓದು ಎನ್ನುತ್ತಾನೆ. ಹುಡುಗನು, ಆಗಲಿ ಸಾರ್, ಎಂದು ಹೋಗಿಬಿಡುತ್ತಾನೆ. (ಬೋಧಕರನ್ನು ಇಷ್ಟು ಮೋಸಗೊಳಿಸುವ ಮಾತು ಕನ್ನಡದಲ್ಲಿ ಬೇರೊಂದಿಲ್ಲ.) ಅವನ ಭಯವು ಗಣಿತದ್ದಲ್ಲ. ತಂದೆ ತೋಟದಲ್ಲಿ ಮುಂಗಡ ಪಡೆದು ಕುಡಿದಿದ್ದಾನೆ. ಮಗನನ್ನು ಕೂಲಿಗೆ ಹಚ್ಚಿ ತೀರಿಸುವೆನೆಂದಿದ್ದಾನೆ. ತಪ್ಪಿದ ಪರೀಕ್ಷೆ ಅವನಿಗೆ ನೆವವಾಗಿದೆ. ಬೋಧಕನು ಒಂದು ನಿಮಿಷ ಸುಮ್ಮನಿದ್ದು, ಮನೆಗೆ ಹೋಗುವದು ನಿನಗೆ ಕಷ್ಟವಾಗಿದೆಯೋ ಎಂದಿದ್ದರೆ ಮಾತು ಹೊರಗೆ ಬರುತ್ತಿತ್ತು. ಯೋಬನ ಸ್ನೇಹಿತರು ಏಳು ದಿವಸ ಮಾತಾಡದೆ ಅವನ ಸಂಗಡ ನೆಲದ ಮೇಲೆ ಕೂತರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯ ಸಮಾಲೋಚಕರೇ. ಬಾಯಿ ತೆರೆದ ಮೇಲೆ ಕೆಟ್ಟರು.

ಆದರೆ ಸುಮ್ಮನೆ ಕೇಳುವದೇ ಎಲ್ಲವೂ ಅಲ್ಲ. ಯಾರಿಗೂ ಹೇಳುವದಿಲ್ಲವೆಂದು ಮಗುವಿಗೆ ಮುಂಚಿತವಾಗಿ ಆಣೆ ಕೊಡಬಾರದು. ಹದಿನೆಂಟು ವರುಷದೊಳಗಿನ ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದುಬಂದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವನು ಪೊಲೀಸರಿಗೆ ತಿಳಿಸಲೇಬೇಕು. ಸಾಯುವ ಯೋಚನೆಯ ಸುಳಿವು ಕಂಡರೆ ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವದೆಂಬ ಭಯಕ್ಕೆ ಆಧಾರವಿಲ್ಲ. ಅಂಥವನನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿರುವ ಕೀಟನಾಶಕವನ್ನು ದೂರ ಇಡಿಸಬೇಕು, ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಕ್ರಯವಿಲ್ಲದೆ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು. ಸಾಯಲು ಯತ್ನಿಸಿದವನನ್ನು ಅಪರಾಧಿಯಂತೆ ಕಾಣದೆ ಕಡುಸಂಕಟದಲ್ಲಿದ್ದವನೆಂದು ಎಣಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ವಿಧಿಸಿದೆ. ಗ್ರಾಮದ ಹಿರಿಯರು ಇದನ್ನು ಮರೆಯದಿರಲಿ.

ಓದಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಕಠಿಣವೇ. ಒಂದು ವಾರದ ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗಹಾಕಿ ಸಮಾಲೋಚಕನೆನ್ನಿಸಿಕೊಳ್ಳುವದು ಸಲ್ಲದು. ಮನಶ್ಶಾಸ್ತ್ರದಲ್ಲಾಗಲಿ ಸಮಾಜಕಾರ್ಯದಲ್ಲಾಗಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಅನುಭವಸ್ಥರ ಕಣ್ಣಿನ ಕೆಳಗೆ ಬಹುಕಾಲ ಅಭ್ಯಾಸ ಮಾಡಬೇಕು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ನಿಂತು 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯು ಇಂಥ ವಿದ್ಯೆಗೆ ದೇಶದಲ್ಲೇ ಹೆಸರಾದದ್ದು. ಅದರೊಂದಿಗೆ ಕೂಡಿ ರಾಜ್ಯದ ಯುವ ಸಬಲೀಕರಣ ಇಲಾಖೆಯು ರೂಪಿಸಿದ ಯುವಸ್ಪಂದನ ಎಂಬ ಕಾರ್ಯಕ್ರಮದಲ್ಲಿ ಊರಿನ ತರುಣತರುಣಿಯರನ್ನೇ ಯುವಪರಿವರ್ತಕರೆಂದು ತರಬೇತುಗೊಳಿಸಿದರು. ತರುಣರೊಂದಿಗೆ ಮಾತಾಡುವದು, ತಮ್ಮಿಂದಾಗದ್ದನ್ನು ಬಲ್ಲವರಿಗೆ ಒಪ್ಪಿಸುವದು ಇವರ ಕೆಲಸ. ಈ ಒಪ್ಪಿಸುವ ವಿವೇಕವನ್ನು ಬೋಧಕನು ಓದಿಗೆ ಹೋಗುವ ಮುಂಚೆಯೇ ಕಲಿಯಬಹುದು: ತಿಂಗಳುಗಟ್ಟಲೆ ನಿದ್ರೆ ಇಲ್ಲದವನನ್ನೂ, ಇಲ್ಲದ ಸ್ವರ ಕೇಳುವವನನ್ನೂ ತಾನೇ ಇಟ್ಟುಕೊಳ್ಳದೆ ಹಾಸನದ ಸರಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಲಿ.

ಇನ್ನು ಕೂತುಕೊಳ್ಳುವ ಸ್ಥಳದ ಮಾತು. ಲೈನಿನ ಮನೆಗಳಲ್ಲಿ ಒಂದು ಗೋಡೆಯ ಆಚೆಗೆ ಇನ್ನೊಂದು ಕುಟುಂಬ. ಗುಟ್ಟು ಅಲ್ಲಿ ನಿಲ್ಲದು. ಬಾಗಿಲು ಮುಚ್ಚಿದ ಕೋಣೆಯೂ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಯುಕ್ತವಲ್ಲ. ಜನರ ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸದ ಶಾಲೆಯ ಜಗಲಿಯೇ ಲೇಸು. ಮಗು ಏನು ಹೇಳಿತೆಂದು ಹಿರಿಯರು ಮರುದಿನ ವಿಚಾರಿಸಲು ಬಂದೇ ಬರುವರು. ಪ್ರಾಣಕ್ಕಾಗಲಿ ಮಾನಕ್ಕಾಗಲಿ ಅಪಾಯವಿಲ್ಲದಿದ್ದರೆ ಉತ್ತರ ಕೊಡೆನೆಂದು ಬೋಧಕನು ಅವರಿಗೆ ಮೊದಲೇ ತಿಳಿಸಿಟ್ಟಿರಲಿ. ಅವರು ಕೆಲವು ದಿನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.