ಗಂಟಲು, ಅನ್ನನಾಳಗಳೆರಡರಲ್ಲೂ ಏಕಕಾಲಕ್ಕೆ ಕ್ಯಾನ್ಸರ್



ನಾವು ಉಂಡ ತುತ್ತು ಗಂಟಲಿಗಿಳಿದು, ಅಲ್ಲಿಂದ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಮೂಲಕ ಜಠರವನ್ನು ಸೇರುತ್ತದೆ. ಬೀಡಿಯ ಹೊಗೆ, ಕಡ್ಡಿಪುಡಿಯ ರಸ, ಮದ್ಯ ಇವು ಈ ದಾರಿಯುದ್ದಕ್ಕೂ ಒಳಪೊರೆಯನ್ನು ಕೆಡಿಸುತ್ತವೆ. ಹೊಲವೇ ಕೆಟ್ಟಿರುವಾಗ ಕಳೆ ಒಂದೇ ಮೂಲೆಯಲ್ಲಿ ಹುಟ್ಟೀತೆಂದು ನೆಚ್ಚಲಾಗದು. ಆದುದರಿಂದಲೇ ಕೆಲವರಲ್ಲಿ ಗಂಟಲಿನಲ್ಲೊಂದು, ಅನ್ನನಾಳದಲ್ಲಿನ್ನೊಂದು, ಹೀಗೆ ಎರಡು ಬೇರೆ ಬೇರೆ ಕ್ಯಾನ್ಸರ್ ಗಡ್ಡೆಗಳು ಒಂದೇ ಕಾಲದಲ್ಲಿ ಕಾಣಿಸಿಕೊಳ್ಳುವುದುಂಟು. 1953ರಲ್ಲಿಯೇ ಅಮೆರಿಕದ ಡಾ. ಸ್ಲಾಟರ್ ಮತ್ತು ಸಂಗಡಿಗರು ಈ ಸಂಗತಿಯನ್ನು ವಿವರಿಸಿದ್ದರು.

ಆನೇಕಲ್, ನೆಲಮಂಗಲದ ಹಳ್ಳಿಗಳಿಂದ ಎಲೆಕ್ಟ್ರಾನಿಕ್ ಸಿಟಿಗೂ ಪೀಣ್ಯಕ್ಕೂ ಪಾಳಿಯ ಕೆಲಸಕ್ಕೆ ಹೋಗುವ ಗಂಡಸರಲ್ಲಿ ನಿದ್ದೆಗೆಡಲೆಂದು ತಂಬಾಕು ಹಾಕುವವರಿದ್ದಾರೆ. ರೋಗದ ಮೊದಲ ಸುಳಿವು ಅನೇಕ ವೇಳೆ ಬಡಿಸುವವರಿಗೇ ತಿಳಿಯುತ್ತದೆ. ಮುದ್ದೆ ನುಂಗುತ್ತಿದ್ದವರು ಅನ್ನಕ್ಕೆ, ಅನ್ನದಿಂದ ಗಂಜಿಗೆ ಇಳಿದರೆ ಅದನ್ನು ‘ಗ್ಯಾಸ್’ ಎಂದು ತಳ್ಳಿಹಾಕದಿರಿ. ಮೂರು ವಾರ ಮೀರಿದ ಧ್ವನಿಯ ಬದಲಾವಣೆ, ಕತ್ತಿನ ಗಂಟು, ಒಂದೇ ಕಿವಿಯ ನೋವು, ತೂಕದ ಇಳಿತ ಇವೂ ಲಕ್ಷಣಗಳೇ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವ ಹೆಂಗಸರೂ, ಬಹುಕಾಲದ ರಕ್ತಹೀನತೆಯಿಂದ ನುಂಗಲು ಕಷ್ಟಪಡುವ ಹೆಂಗಸರೂ ತಪಾಸಣೆ ಮಾಡಿಸಿಕೊಳ್ಳಬೇಕು.

ಗಂಟಲಿನಲ್ಲಿ ಗಡ್ಡೆ ಕಂಡೊಡನೆ ಪರೀಕ್ಷೆ ಮುಗಿಯಿತೆಂದು ತಿಳಿಯಬಾರದು. ಅನ್ನನಾಳದ ಕ್ಯಾನ್ಸರ್ ಆರಂಭದಲ್ಲಿ ಯಾವ ನೋವನ್ನೂ ಕೊಡುವುದಿಲ್ಲ. ಎಂಡೋಸ್ಕೋಪಿ ಕೊಳವೆಯನ್ನು ಇಳಿಸಿ ಅನ್ನನಾಳವನ್ನೂ ನೋಡಬೇಕು. ಅಯೋಡಿನ್ ದ್ರಾವಣ ಸಿಂಪಡಿಸಿದಾಗ ಆರೋಗ್ಯವಂತ ಪೊರೆ ಕಂದು ಬಣ್ಣವಾಗುತ್ತದೆ, ಕೆಟ್ಟ ಭಾಗ ಬಣ್ಣ ಹಿಡಿಯದೆ ಉಳಿಯುತ್ತದೆ. ಅಲ್ಲಿಂದ ತುಣುಕು ತೆಗೆದು ಬಯಾಪ್ಸಿ ಮಾಡುತ್ತಾರೆ. ರೋಗ ಎಷ್ಟು ಹರಡಿದೆಯೆಂಬುದು ಸ್ಕ್ಯಾನಿನಿಂದ ತಿಳಿಯುತ್ತದೆ. “ಅನ್ನನಾಳವನ್ನೂ ನೋಡಿದಿರಾ, ಡಾಕ್ಟರೇ?” ಎಂದು ಕೇಳಲು ಸಂಕೋಚಪಡಬೇಡಿ.

ಎರಡನ್ನೂ ಒಟ್ಟಿಗೆ ಗಮನದಲ್ಲಿಟ್ಟೇ ಚಿಕಿತ್ಸೆಯನ್ನು ಯೋಜಿಸಬೇಕು, ಏಕೆಂದರೆ ಒಮ್ಮೆ ವಿಕಿರಣ ಕೊಟ್ಟ ಜಾಗಕ್ಕೆ ಮತ್ತೆ ಕೊಡುವುದು ಕಷ್ಟ. ಅನ್ನನಾಳದ ಮೇಲ್ಪದರದಲ್ಲಷ್ಟೇ ಇರುವ ಗಡ್ಡೆಯನ್ನು ಎಂಡೋಸ್ಕೋಪಿಯಿಂದಲೇ ತೆಗೆಯಬಹುದು. ಬೆಳೆದಿದ್ದರೆ ಔಷಧಿಯೊಡನೆ ಐದಾರು ವಾರಗಳ ವಿಕಿರಣ ಚಿಕಿತ್ಸೆ. ಕೆಲವರಿಗೆ ಧ್ವನಿಪೆಟ್ಟಿಗೆಯನ್ನೂ ಅನ್ನನಾಳವನ್ನೂ ತೆಗೆದು ಜಠರವನ್ನು ಮೇಲಕ್ಕೆಳೆದು ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ. ಆಗ ಉಸಿರು ಕತ್ತಿನ ರಂಧ್ರದಿಂದ ಆಡುತ್ತದೆ. ಅಭ್ಯಾಸದಿಂದ ಮಾತನ್ನು ಪುನಃ ಕಲಿಯಬಹುದು. ಚಿಕಿತ್ಸೆಯ ಕಾಲದಲ್ಲಿ ಮೂಗಿನ ಅಥವಾ ಹೊಟ್ಟೆಯ ಕೊಳವೆಯಿಂದ ಆಹಾರ ಕೊಡಬೇಕಾಗಬಹುದು. ತಂಬಾಕನ್ನು ಅಂದೇ ಬಿಡತಕ್ಕದ್ದು.

ಈ ರೋಗ ಅಂಟುವಂಥದಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಹರಡದು. ಹೊಸೂರು ರಸ್ತೆಯಲ್ಲಿ 1973ರಿಂದಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ಆಧಾರ್, ರೇಷನ್ ಕಾರ್ಡು ಮತ್ತು ಹಳೆಯ ಚೀಟಿಗಳೆಲ್ಲವನ್ನೂ ಒಯ್ಯಿರಿ.