ಸಹಿಗಿಂತ ಮೊದಲು ಬಾವಿಯ ನೀರು

ಪ್ರಶ್ನೆ: ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದಲ್ಲಿ ನಮ್ಮದು 40 ಎಕರೆ ಜಾಗ, ಮನೆ, ಒಂದು ಕೊಳವೆಬಾವಿ. ನೆಲದಡಿಯ ಅನಿಲ ಹುಡುಕುವ ಸೀಸ್ಮಿಕ್ ಪರೀಕ್ಷೆಗೆ ಅನುಮತಿ ಕೇಳಿ ಕಂಪನಿಯವರು ಎರಡು ಸಲ ಬಂದುಹೋದರು. ಅಕ್ಕಪಕ್ಕದವರೆಲ್ಲ ಸಹಿ ಹಾಕಿದ್ದಾರಂತೆ. ನನ್ನ ಹೆಂಡತಿಗೆ ನೀರು ಕೆಡುವ ಭಯ. ನನಗೆ, ಹೊರಗಿನಿಂದ ಬಂದ ನಾವೇ ಅಡ್ಡಗಾಲು ಹಾಕಿದೆವು ಅನ್ನಿಸಿಕೊಳ್ಳುವ ಮುಜುಗರ. ಏನು ಮಾಡಲಿ?

ಉತ್ತರ: ಮುಜುಗರ ಬಿಡಿ. ‘ಎಲ್ಲರೂ ಸಹಿ ಹಾಕಿದ್ದಾರೆ’ ಅನ್ನುವುದು ಬಾಗಿಲಿಗೆ ಬರುವ ಏಜೆಂಟರ ಮಾಮೂಲಿ ಮಾತು. ನಿಜವೇ ಎಂದು ಪಕ್ಕದವರನ್ನೇ ಕೇಳಿ. ನೀವು ಒಪ್ಪದಿದ್ದರೂ ಅವರ ಕೆಲಸ ನಿಲ್ಲುವುದಿಲ್ಲ. ಸುತ್ತಲಿನ ಜಮೀನಿನಲ್ಲಿ ಎಬ್ಬಿಸಿದ ಅಲೆಗಳಿಂದಲೇ ನಿಮ್ಮ ನೆಲದಡಿಯ ಅರೆಬರೆ ಚಿತ್ರ ಸಿಗುತ್ತದೆ.

ಮೊದಲು ಕೌಂಟಿಯ ನೋಂದಣಿ ಕಚೇರಿಯಲ್ಲಿ ನಿಮ್ಮ ಕ್ರಯಪತ್ರದ ಹಿಂದಿನ ಪತ್ರಗಳನ್ನೂ ತೆಗೆಸಿ ನೋಡಿ. ನಮ್ಮ ಕಡೆ ಎಣ್ಣೆ, ಅನಿಲ ತೆಗೆಯಲು ಪರವಾನಗಿ ಕೊಡುವುದು ಸರ್ಕಾರ. ಅಲ್ಲಿ ಅದಕ್ಕೆ ಖಾಸಗಿ ಒಡೆಯರಿರುತ್ತಾರೆ. ಹಿಂದಿನ ಯಾರೋ ಮಾಲೀಕರು ನೆಲ ಮಾರುವಾಗ ಕೆಳಗಿನ ಹಕ್ಕನ್ನು ತಮಗೇ ಉಳಿಸಿಕೊಂಡಿದ್ದರೆ, ಆ ಹಕ್ಕುದಾರರು ಹುಡುಕಾಟಕ್ಕೆ ನಿಮ್ಮ ಜಾಗವನ್ನು ತಕ್ಕಮಟ್ಟಿಗೆ ಬಳಸಲೂಬಹುದು. ಆಗ ‘ಆಗೋದಿಲ್ಲ’ ಅಂದರೆ ನಡೆಯುವುದು ಕಷ್ಟ. ಷರತ್ತು ಹಾಕುವುದೇ ಜಾಣತನ.

ನಿಮ್ಮ ಹೆಂಡತಿಯ ಭಯ ಹುರುಳಿಲ್ಲದ್ದಲ್ಲ. ಈ ಪರೀಕ್ಷೆಗೆ ಭಾರಿ ಟ್ರಕ್ಕುಗಳಿಂದ ನೆಲ ಅದುರಿಸುವುದು ಒಂದು ವಿಧಾನ. ಟ್ರಕ್ಕು ಹೋಗದ ಕಾಡು, ಗುಡ್ಡಗಳಲ್ಲಿ ಕುಳಿ ಕೊರೆದು ಸಿಡಿಮದ್ದು ಸಿಡಿಸುತ್ತಾರೆ. ಕಲ್ಲಿನ ಪದರಗಳಿಗೆ ಬಡಿದು ಮರಳುವ ಅಲೆಯನ್ನು ಜಿಯೋಫೋನ್ ಎಂಬ ಸಾಧನಗಳು ಹಿಡಿಯುತ್ತವೆ. ಬಾವಿಯಿಂದ ಸಾಕಷ್ಟು ದೂರದಲ್ಲಿ ಮಾಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ತೊಂದರೆಯಾದರೆ ಸಾಬೀತು ಮಾಡುವುದೇ ತಲೆನೋವು. ಅನಿಲದ ಬಾವಿ ಕೊರೆದ ಮೇಲೆ 2,500 ಅಡಿಯೊಳಗಿನ ನೀರು ವರ್ಷದೊಳಗೆ ಕೆಟ್ಟರೆ ಕಂಪನಿಯೇ ಹೊಣೆ ಎಂದು ಭಾವಿಸುವ ನಿಯಮ ಆ ರಾಜ್ಯದ 2012ರ ಕಾಯ್ದೆಯಲ್ಲಿದೆ. ಆದರೆ ಅದು ಕೊರೆಯುವುದಕ್ಕೆ, ಈ ಪರೀಕ್ಷೆಗಲ್ಲ. ಹಾಗಾಗಿ ರಾಜ್ಯದ ಮಾನ್ಯತೆ ಪಡೆದ ಪ್ರಯೋಗಾಲಯದವರನ್ನೇ ಕರೆಸಿ, ಮುಂಚಿತವಾಗಿ ನೀರು ಪರೀಕ್ಷೆ ಮಾಡಿಸಿ. ಖರ್ಚು ಕಂಪನಿಯದು ಎಂದು ಬರೆಸಿಕೊಳ್ಳಿ.

ಕಂಪನಿ ಅಚ್ಚುಹಾಕಿಸಿ ತಂದ ಕಾಗದಕ್ಕೆ ಹಾಗೇ ಸಹಿ ಹಾಕಬೇಡಿ. ಅದರಲ್ಲೆಲ್ಲೋ ಮುಂದೆ ಗುತ್ತಿಗೆ ಹಿಡಿಯುವ ಹಕ್ಕನ್ನೂ ಸೇರಿಸಿರಬಹುದು. ನೀವು ಕೊಡುವುದು ಪರೀಕ್ಷೆಗೆ ಮಾತ್ರ, ಅದೂ ಇಂಥ ತಾರೀಖಿನೊಳಗೆ ಎಂದಿರಲಿ. ಮನೆ, ಬಾವಿ, ಒರತೆಗಳಿಂದ ಎಷ್ಟು ಅಡಿ ದೂರ ಎಂಬುದನ್ನು ಅಂಕಿಯಲ್ಲೇ ಬರೆಸಿ. ಕುಳಿ ಮುಚ್ಚುವುದು, ಹಾನಿ ತುಂಬಿಕೊಡುವುದು, ವಿಮೆಯ ಪತ್ರ ತೋರಿಸುವುದು, ಗುರುತಿಗೆ ನೆಟ್ಟ ತಂತಿಬಾವುಟಗಳನ್ನು ಕಿತ್ತೊಯ್ಯುವುದು, ಇವೂ ಬರಲಿ. (ಹುಲ್ಲು ಕೊಯ್ಯುವ ಯಂತ್ರಕ್ಕೆ ಆ ತಂತಿ ಸಿಕ್ಕರೆ ಗೋಳು ನಿಮ್ಮದೇ.) ಅನಿಲದ ವ್ಯವಹಾರ ಬಲ್ಲ ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸಿ. ಪರೀಕ್ಷೆಗೆ ಕಂಪನಿ ಕೊಡುವ ದುಡ್ಡು ಅಷ್ಟಕ್ಕಷ್ಟೇ. ಆ ಆಸೆಗೆ ಅವಸರ ಮಾಡಬೇಡಿ.

ಕಂಪನಿ ಇಷ್ಟಕ್ಕೆಲ್ಲ ಒಪ್ಪಿದರೆ ಅನುಮತಿ ಕೊಡಿ. ಬಾವಿಯ ದೂರವನ್ನು ಬರೆದುಕೊಡಲು ಹಿಂದೇಟು ಹಾಕಿದರೆ, ಕೆಳಗಿನ ಹಕ್ಕೂ ನಿಮ್ಮದೇ ಆಗಿದ್ದ ಪಕ್ಷದಲ್ಲಿ, ಬೇಡವೆಂದು ಹೇಳಿ ಕಳಿಸಿ.